ರಾಂಚೇರಾ, ಕೊರ್ರಿದೊ ಮತ್ತು ಒಂದು ಗ್ರ್ಯಾಮಿ ಆಲ್ಬಂ: ಮೆಕ್ಸಿಕೊದ ಹಳೆಯ ಹಾಡುಗಳನ್ನು ಕೇಳುವ ಬಗೆ

2024ರ ಫೆಬ್ರವರಿಯಲ್ಲಿ ಪೆಸೊ ಪ್ಲೂಮಾ ಎಂಬ ಮೆಕ್ಸಿಕೊದ ಯುವ ಗಾಯಕನ ‘ಹೆನೆಸಿಸ್’ ಆಲ್ಬಂಗೆ ಗ್ರ್ಯಾಮಿ ಬಂತು. ಅದರ ಹಿಂದಿನ ವರ್ಷ ಆತ ದನಿಗೂಡಿಸಿದ ಹಾಡೊಂದು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ನಾಲ್ಕನೇ ಸ್ಥಾನದವರೆಗೆ ಏರಿತ್ತು. ಸ್ಪ್ಯಾನಿಷ್ ಒಂದಕ್ಷರ ಬಾರದವರ ಫೋನಿನಲ್ಲೂ ಈಗ ಈ ಸಂಗೀತ ಮೊಳಗುತ್ತದೆ. ಸುದ್ದಿಯಲ್ಲಿ ‘ಕೊರ್ರಿದೊ’, ‘ರಾಂಚೇರಾ’, ‘ಮಾರಿಯಾಚಿ’ ಎಂಬ ಹೆಸರುಗಳು ಬರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಎಂಬುದು ಮಾತ್ರ ಸಿಗುವುದಿಲ್ಲ.

ಹೊಸ ಹಾಡುಗಳಿಂದ ಹಿಂದಕ್ಕೆ ಹೋಗುವುದಕ್ಕಿಂತ ಹಳೆಯ ಒಂದು ಆಲ್ಬಂನಿಂದ ಶುರು ಮಾಡುವುದು ಸುಲಭ. 1987ರ ನವೆಂಬರಿನಲ್ಲಿ ಬಂದ, ಲಿಂಡಾ ರಾನ್‌ಸ್ಟಾಟ್ ಹಾಡಿರುವ ‘ಕಾನ್ಸಿಯೋನೆಸ್ ದೆ ಮಿ ಪಾದ್ರೆ’, ಅಂದರೆ ‘ನನ್ನ ತಂದೆಯ ಹಾಡುಗಳು’, ಆ ಆಲ್ಬಂ. ಹದಿಮೂರು ಹಾಡುಗಳು, ಎಲ್ಲವೂ ಸ್ಪ್ಯಾನಿಷ್‌ನಲ್ಲಿ. ರಾಂಚೇರಾ, ವಾಪಾಂಗೊ, ಕೊರ್ರಿದೊ ಮೂರೂ ಒಂದೇ ಕಡೆ ಸಿಗುತ್ತವೆ, ನುಡಿಸಿರುವವರೂ ಆ ಕಸುಬಿನ ದೊಡ್ಡ ಕೈಗಳು.

## ಆಲ್ಬಂ ಯಾರದು, ಪ್ರಶಸ್ತಿ ಯಾವುದು

ಲಿಂಡಾ ರಾನ್‌ಸ್ಟಾಟ್ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನಲ್ಲಿ. 1970ರ ದಶಕದಲ್ಲಿ ಅಮೆರಿಕದ ರಾಕ್ ಮತ್ತು ಕಂಟ್ರಿ ಸಂಗೀತದ ಅತಿ ಜನಪ್ರಿಯ ಗಾಯಕಿಯರಲ್ಲಿ ಆಕೆ ಒಬ್ಬರು. ಹೆಸರು ಜರ್ಮನ್ನರದು, ಮನೆತನ ಮೆಕ್ಸಿಕೊದ್ದು. ಮುತ್ತಜ್ಜ ಜರ್ಮನಿಯಿಂದ ಮೆಕ್ಸಿಕೊಗೆ ಬಂದು ನೆಲೆಸಿದವರು. ಅಜ್ಜ ಫೆದೆರಿಕೊ ಗಡಿಯಾಚೆಯ ಸೊನೋರಾ ರಾಜ್ಯದಲ್ಲಿ ಹುಟ್ಟಿ, 1882ರಲ್ಲಿ ಟೂಸಾನ್‌ಗೆ ಬಂದು ಬಂಡಿ ಕಟ್ಟುವ ಕೆಲಸ ಕಲಿತು, ವ್ಯಾಪಾರ ಬೆಳೆಸಿದರು. ಜೊತೆಗೆ ಊರಿಗೊಂದು ಬ್ಯಾಂಡ್ ಕೂಡ ಕಟ್ಟಿದರು.

ಶೀರ್ಷಿಕೆಯ ‘ತಂದೆ’ ಮೂಲತಃ ಈ ಫೆದೆರಿಕೊ. ಅವರ ಮಗಳು, ಅಂದರೆ ಲಿಂಡಾಳ ಸೋದರತ್ತೆ, ಲುಯಿಸಾ ಎಸ್ಪಿನೆಲ್ ಎಂಬ ಹೆಸರಿನಲ್ಲಿ ವೇದಿಕೆಯ ಮೇಲೆ ಹಾಡುತ್ತಿದ್ದರು. ಅಪ್ಪ ಹಾಡುತ್ತಿದ್ದ ಹಾಡುಗಳನ್ನು ಬರೆದಿಟ್ಟು 1946ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಮೂಲಕ ಒಂದು ಸಣ್ಣ ಪುಸ್ತಕ ತಂದರು. ನಲವತ್ತೊಂದು ವರ್ಷಗಳ ನಂತರ ಸೋದರ ಸೊಸೆ ಲಿಂಡಾ ಅದೇ ಹೆಸರನ್ನು ಆಲ್ಬಂಗೆ ಇಟ್ಟಳು. ಲಿಂಡಾಗೆ ಸ್ಪ್ಯಾನಿಷ್ ಸರಾಗವಾಗಿ ಮಾತಾಡಲು ಬರುತ್ತಿರಲಿಲ್ಲ. ಹಾಡುಗಳು ಮಾತ್ರ ಮನೆಯಲ್ಲಿ ಕೇಳಿ ಕೇಳಿ ಬಾಯಿಗೆ ಬಂದಿದ್ದವು.

ಆಲ್ಬಂನ ನಿರ್ಮಾಪಕರು ಇಬ್ಬರು. ಪೀಟರ್ ಆಶರ್ ಆಕೆಯ ರಾಕ್ ಆಲ್ಬಂಗಳನ್ನು ನಿರ್ಮಿಸಿದವರು. ರುಬೆನ್ ಫುಯೆಂತೆಸ್ ಮೆಕ್ಸಿಕೊದ ಸಂಯೋಜಕರು, 1944ರಿಂದ ‘ಮಾರಿಯಾಚಿ ವರ್ಗಾಸ್ ದೆ ತೆಕಲಿತ್ಲಾನ್’ ಮೇಳದಲ್ಲಿದ್ದವರು. ಮಾರಿಯಾಚಿ ಎಂದರೆ ಪಿಟೀಲು, ಟ್ರಂಪೆಟ್, ಗಿಟಾರ್ ಬಗೆಯ ವಾದ್ಯಗಳು ಕೂಡಿದ ಮೆಕ್ಸಿಕೊದ ಮೇಳ. ಈಗಿನ ಮಾರಿಯಾಚಿ ಮೇಳಗಳಲ್ಲಿ ಪಿಟೀಲು ಏನು ನುಡಿಸಬೇಕು, ಟ್ರಂಪೆಟ್ ಎಲ್ಲಿ ಸೇರಬೇಕು ಎಂಬ ಕಟ್ಟು ಬಹುಮಟ್ಟಿಗೆ ಫುಯೆಂತೆಸ್ ಹಾಕಿಕೊಟ್ಟದ್ದು. ಆಲ್ಬಂನಲ್ಲಿ ಮೂರು ಮೇಳಗಳು ನುಡಿಸಿವೆ: ಮೆಕ್ಸಿಕೊದಿಂದ ಮಾರಿಯಾಚಿ ವರ್ಗಾಸ್, ಲಾಸ್ ಏಂಜಲೀಸ್ ಕಡೆಯಿಂದ ನಾತಿ ಕಾನೊ ಅವರ ‘ಲೋಸ್ ಕಂಪೇರೋಸ್’ ಮತ್ತು ಪೆದ್ರೊ ರೇ ಅವರ ‘ಲೋಸ್ ಗಾಯೇರೋಸ್’.

1989ರ ಫೆಬ್ರವರಿಯಲ್ಲಿ ಇದಕ್ಕೆ ‘ಅತ್ಯುತ್ತಮ ಮೆಕ್ಸಿಕನ್-ಅಮೆರಿಕನ್ ಪ್ರದರ್ಶನ’ ವಿಭಾಗದ ಗ್ರ್ಯಾಮಿ ಬಂತು. ಈ ವಿಭಾಗಕ್ಕೆ ಆಗ ಹೆಚ್ಚು ವಯಸ್ಸಾಗಿರಲಿಲ್ಲ. 1983ರವರೆಗೆ ಲ್ಯಾಟಿನ್ ಸಂಗೀತಕ್ಕೆಲ್ಲ ಸೇರಿ ಇದ್ದದ್ದು ಒಂದೇ ಗ್ರ್ಯಾಮಿ. ಕ್ಯೂಬಾ ಮೂಲದ ಸಾಲ್ಸಾ, ಸ್ಪ್ಯಾನಿಷ್ ಪಾಪ್, ಮೆಕ್ಸಿಕೊದ ಮಾರಿಯಾಚಿ ಎಲ್ಲವೂ ಒಂದೇ ಸಾಲಿನಲ್ಲಿ ಸ್ಪರ್ಧಿಸಬೇಕಿತ್ತು. 1984ರಲ್ಲಿ ಅದು ಮೂರಾಗಿ ಒಡೆದು, ಅದರಲ್ಲೊಂದು ಮೆಕ್ಸಿಕನ್-ಅಮೆರಿಕನ್ನರ ಪಾಲಿಗೆ ಬಂತು. ಇಂದು ಅದೇ ಜಾಗದಲ್ಲಿ ‘ಮೂಸಿಕಾ ಮೆಕ್ಸಿಕಾನಾ’ ಹೆಸರಿನ ವಿಭಾಗವಿದೆ. ಪೆಸೊ ಪ್ಲೂಮಾ ಗೆದ್ದದ್ದು ಅದನ್ನೇ.

ಅಮೆರಿಕದಲ್ಲಿ ಈ ಆಲ್ಬಂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ‘ಡಬಲ್ ಪ್ಲಾಟಿನಂ’ ಆಯಿತು. ಇಂಗ್ಲಿಷೇತರ ಆಲ್ಬಂ ಒಂದಕ್ಕೆ ಆ ದೇಶದಲ್ಲಿ ಅಂಥ ಮಾರಾಟ ಅಪರೂಪ. 2021ರಲ್ಲಿ ಗ್ರ್ಯಾಮಿ ಹಾಲ್ ಆಫ್ ಫೇಮ್‌ಗೆ ಸೇರಿತು. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿ, ಶಾಶ್ವತವಾಗಿ ಕಾಪಿಡಬೇಕಾದದ್ದು ಎಂದು ಗುರುತಿಸಿತು.

## ರಾಂಚೇರಾ: ಹಳ್ಳಿಯ ಹೆಸರು, ಪಟ್ಟಣದ ಹುಟ್ಟು

ಮೆಕ್ಸಿಕೊದಲ್ಲಿ ದನಕರು, ಹೊಲ, ಮನೆ ಇರುವ ಹಳ್ಳಿಗಾಡಿನ ಜಮೀನಿಗೆ ರಾಂಚೊ ಎನ್ನುತ್ತಾರೆ. ಅಲ್ಲಿಯ ಬದುಕಿನ ಹಾಡು ರಾಂಚೇರಾ. ಆದರೆ ನಾವು ಇಂದು ಕೇಳುವ ರಾಂಚೇರಾ ರೂಪ ಪಡೆದದ್ದು ಹೊಲದಲ್ಲಲ್ಲ, ರೇಡಿಯೊ ಸ್ಟುಡಿಯೊದಲ್ಲಿ. 1910ರಲ್ಲಿ ಶುರುವಾದ ಮೆಕ್ಸಿಕೊ ಕ್ರಾಂತಿ ಹತ್ತು ವರ್ಷ ಹಳ್ಳಿಗಳನ್ನು ಸುಟ್ಟಿತು. ಊರು ಬಿಟ್ಟವರು ರಾಜಧಾನಿ ಮೆಕ್ಸಿಕೊ ಸಿಟಿಗೆ ಬಂದು ತುಂಬಿಕೊಂಡರು. 1930ರಲ್ಲಿ ಅಲ್ಲಿ ಎಕ್ಸ್‌ಇಡಬ್ಲ್ಯು ಎಂಬ ಬಲಶಾಲಿ ರೇಡಿಯೊ ಕೇಂದ್ರ ಆರಂಭವಾಯಿತು. 1936ರಿಂದ ಕುದುರೆ, ಹ್ಯಾಟು, ಹಾಡು ತುಂಬಿದ ಸಿನಿಮಾಗಳ ಸಾಲು ಶುರುವಾಯಿತು. ಬಿಟ್ಟು ಬಂದ ಹಳ್ಳಿಯನ್ನು ಪಟ್ಟಣದಲ್ಲಿ ಕೂತು ನೆನೆಯುವವರಿಗೆ ಬೇಕಾದ ಹಾಡನ್ನು ರೇಡಿಯೊ ಮತ್ತು ಸಿನಿಮಾ ಒದಗಿಸಿದವು.

ವಸ್ತು ಹೆಚ್ಚಾಗಿ ಪ್ರೀತಿ, ಕೈಬಿಟ್ಟುಹೋದ ಪ್ರೀತಿ, ಕುಡಿತ, ಹುಟ್ಟೂರು, ಸ್ವಾಭಿಮಾನ. ಲೂಚಾ ರೇಯೆಸ್, ಹೊರ್ಹೆ ನೆಗ್ರೇತೆ, ಪೆದ್ರೊ ಇನ್‌ಫಾಂತೆ ಹಾಡಿ ಹೆಸರಾದರು. ಬರೆದವರಲ್ಲಿ ಮೊದಲಿಗೆ ಬರುವ ಹೆಸರು ಹೊಸೆ ಅಲ್ಫ್ರೆದೊ ಹಿಮೆನೆಸ್. 1926ರಲ್ಲಿ ದೊಲೋರೆಸ್ ಇದಾಲ್ಗೊದಲ್ಲಿ ಹುಟ್ಟಿದ ಈತನಿಗೆ ಯಾವ ವಾದ್ಯವೂ ನುಡಿಸಲು ಬರುತ್ತಿರಲಿಲ್ಲ, ಹೊಸ ರಾಗವನ್ನು ಬಾಯಲ್ಲೇ ಹಾಡಿ ತೋರಿಸುತ್ತಿದ್ದ. ಲಿಂಡಾ ತನ್ನ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದವರೆಂದು ಹೇಳುವುದು ರಾಂಚೇರಾ ಗಾಯಕಿ ಲೋಲಾ ಬೆಲ್ತ್ರಾನ್ ಹೆಸರನ್ನು. ಆಲ್ಬಂ ಕೇಳುವಾಗ ಲೋಲಾಳ ಹಳೆಯ ಧ್ವನಿಮುದ್ರಣವೊಂದನ್ನು ಪಕ್ಕದಲ್ಲಿಟ್ಟುಕೊಂಡರೆ ಆ ಮಾತು ಎಷ್ಟು ನಿಜ ಎಂದು ತಿಳಿಯುತ್ತದೆ.

ಕೇಳುಗರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ವಸ್ತುವಿಗಿಂತ ನಡೆ. ರಾಂಚೇರಾ ಮುಖ್ಯವಾಗಿ ಮೂರು ನಡೆಗಳಲ್ಲಿ ಬರುತ್ತದೆ. ಮೊದಲನೆಯದು ಮೂರರ ಎಣಿಕೆ: ಒಂದಕ್ಕೆ ದಪ್ಪ ತಂತಿಯ ಗಿಟರೋನ್ ‘ಧುಮ್’ ಎನ್ನುತ್ತದೆ, ಎರಡು ಮೂರಕ್ಕೆ ವಿವೆಲಾ ಎಂಬ ಸಣ್ಣ ತಂತಿವಾದ್ಯ ‘ಚಕ್ ಚಕ್’ ಎನ್ನುತ್ತದೆ. ಆಲ್ಬಂನ ‘ತೂ ಸೋಲೊ ತೂ’ ಮತ್ತು ‘ಲೋಸ್ ಲೌರೇಲೆಸ್’ ಈ ಬಗೆಯವು. ಎರಡನೆಯದು ಎರಡರ ಎಣಿಕೆಯ ಚುರುಕು ನಡೆ, ಪೋಲ್ಕಾ: ಧುಮ್-ಚಕ್, ಧುಮ್-ಚಕ್. ಮೂರನೆಯದು ನಾಲ್ಕರ ನಿಧಾನ ನಡೆ; ಇದರಲ್ಲಿ ಬೊಲೇರೊ ರಾಂಚೇರೊ ಎಂಬ ಬಗೆಯನ್ನು 1950ರ ದಶಕದಲ್ಲಿ ಜನಪ್ರಿಯ ಮಾಡಿದವರಲ್ಲಿ ಫುಯೆಂತೆಸ್ ಕೂಡ ಇದ್ದರು. ಹಾಡು ಶುರುವಾದ ಹತ್ತು ಸೆಕೆಂಡಿನೊಳಗೆ ‘ಧುಮ್’ ಎಲ್ಲಿ ಬೀಳುತ್ತಿದೆ ಎಂದು ಹುಡುಕಿ, ಅಲ್ಲಿಂದ ಮುಂದಿನ ‘ಧುಮ್’ವರೆಗೆ ಎಣಿಸಿದರೆ ಇದು ಯಾವ ಬಗೆ ಎಂಬುದು ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಕೊನೆಗೆ ಬಹುಪಾಲು ಹಾಡುಗಳು ಎರಡು ಚುಟುಕು ಪೆಟ್ಟಿನಲ್ಲಿ ಮುಗಿಯುತ್ತವೆ: ಪಂಚಮದ ಸ್ವರಮೇಳ ಒಮ್ಮೆ, ಷಡ್ಜದ ಸ್ವರಮೇಳ ಒಮ್ಮೆ, ಅಷ್ಟೇ. ಒಮ್ಮೆ ಗುರುತು ಸಿಕ್ಕರೆ ಇದು ಎಲ್ಲೆಲ್ಲೂ ಕೇಳಿಸುತ್ತದೆ.

## ವಾಪಾಂಗೊ: ಆರು ಮಾತ್ರೆ, ಎರಡು ಲೆಕ್ಕ

ಹೊಸಬರು ಎಡವುವುದು ಇಲ್ಲಿ. ‘ಲಾ ಸಿಗಾರ್ರಾ’ ಮತ್ತು ‘ರೊಗಾಸಿಯಾನೊ ಎಲ್ ವಾಪಾಂಗೇರೊ’ ಹಾಡುಗಳನ್ನು ರಾಂಚೇರಾ ಎಂದುಕೊಂಡು ಮೂರರ ಎಣಿಕೆ ಹಾಕಿದರೆ ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಕೈ ತಪ್ಪುತ್ತದೆ. ಇವು ವಾಪಾಂಗೊಗಳು. ಮೂಲ ಮೆಕ್ಸಿಕೊದ ಈಶಾನ್ಯ ಭಾಗದ ವಾಸ್ತೇಕಾ ಸೀಮೆ; ವೆರಾಕ್ರೂಸ್, ತಮೌಲಿಪಾಸ್, ಸಾನ್ ಲುಯಿಸ್ ಪೊತೊಸಿ, ಇದಾಲ್ಗೊ ಮೊದಲಾದ ರಾಜ್ಯಗಳಲ್ಲಿ ಹರಡಿಕೊಂಡ ಪ್ರದೇಶ. ಅಲ್ಲಿ ಇದನ್ನು ನುಡಿಸುವವರು ಮೂವರೇ: ಒಂದು ಪಿಟೀಲು, ಹರಾನಾ ಎಂಬ ಸಣ್ಣ ತಂತಿವಾದ್ಯ, ವಾಪಾಂಗೇರಾ ಎಂಬ ದೊಡ್ಡ ಗಿಟಾರ್. ಮಾರಿಯಾಚಿಯವರು ಇದನ್ನು ಎತ್ತಿಕೊಂಡು, ನಿಧಾನಗೊಳಿಸಿ, ಪಿಟೀಲುಗಳ ಸಾಲನ್ನೇ ಸೇರಿಸಿ ದೊಡ್ಡದು ಮಾಡಿದರು.

ಲೆಕ್ಕ ಹೀಗಿದೆ. ಸಮನಾದ ಆರು ಮಾತ್ರೆಗಳನ್ನು ತೆಗೆದುಕೊಳ್ಳಿ. ಅದನ್ನು ‘ತಕಿಟ ತಕಿಟ’ ಎಂದು ಎರಡು ಗುಂಪು ಮಾಡಬಹುದು. ‘ತಕ ತಕ ತಕ’ ಎಂದು ಮೂರು ಗುಂಪು ಕೂಡ ಮಾಡಬಹುದು. ಒಟ್ಟು ಅವಧಿ ಒಂದೇ, ಒತ್ತು ಬೀಳುವ ಜಾಗ ಬೇರೆ. ವಾಪಾಂಗೊದಲ್ಲಿ ಈ ಎರಡೂ ಒಟ್ಟಿಗೆ, ಇಲ್ಲವೇ ಒಂದರ ಬೆನ್ನಿಗೆ ಒಂದು ಬರುತ್ತವೆ. ಬಲಗೈಯಲ್ಲಿ ತೊಡೆಯ ಮೇಲೆ ಒಂದು ಮತ್ತು ನಾಲ್ಕಕ್ಕೆ ತಟ್ಟುತ್ತಾ, ಎಡಗೈಯಲ್ಲಿ ಒಂದು, ಮೂರು, ಐದಕ್ಕೆ ತಟ್ಟಿ ನೋಡಿ. ಎರಡೂ ಕೈ ಸೇರುವುದು ಒಂದರಲ್ಲಿ ಮಾತ್ರ. ನಿಧಾನವಾಗಿ ಇದು ಕೂಡಿಬಂದ ಮೇಲೆ ‘ಲಾ ಸಿಗಾರ್ರಾ’ ಹಾಕಿ ಕೇಳಿದರೆ ಹಾಡು ಬೇರೆಯೇ ಆಗಿ ಕೇಳಿಸುತ್ತದೆ.

ಇನ್ನೊಂದು ಗುಟ್ಟು ತಂತಿ ಮೀಟುವವರ ಬಲಗೈಯಲ್ಲಿದೆ. ಈ ಕೈಚಳಕಕ್ಕೆ ಅವರು ಮಾನಿಕೊ ಎನ್ನುತ್ತಾರೆ. ಮೇಲೆ ಕೆಳಗೆ ಮೀಟುವ ನಡುವೆ ಒಂದು ಮಾತ್ರೆಗೆ ಅಂಗೈಯನ್ನು ತಂತಿಗಳ ಮೇಲೆ ಅಪ್ಪಳಿಸಿ ಸದ್ದನ್ನು ಅಲ್ಲಿಗೇ ಮುಚ್ಚುತ್ತಾರೆ. ‘ಚಪ್’ ಎಂಬ ಒಣ ಶಬ್ದ ಬರುತ್ತದೆ. ಆರರಲ್ಲಿ ಆ ಏಟಿನ ಜಾಗ ಖಚಿತ. ವಿವೆಲಾ ಮತ್ತು ಗಿಟಾರ್ ನುಡಿಸುವವರಲ್ಲಿ ಒಬ್ಬರು ಅದನ್ನು ಒಂದು ಮಾತ್ರೆ ಅತ್ತಿತ್ತ ಮಾಡಿದರೂ ಹಾಡುವವರಿಗೆ ಎತ್ತಿಕೊಳ್ಳುವ ಜಾಗ ತಪ್ಪುತ್ತದೆ. ಕಲಿಯುವ ಮೇಳಗಳಲ್ಲಿ ವಾಪಾಂಗೊ ಕುಸಿಯುವುದು ಸಾಮಾನ್ಯವಾಗಿ ಗಾಯಕರಿಂದಲ್ಲ, ಈ ಏಟಿನಿಂದ.

## ಮೇಳದಲ್ಲಿ ಯಾರು ಏನು ಮಾಡುತ್ತಾರೆ

ಪೂರ್ಣ ಮಾರಿಯಾಚಿ ಮೇಳದಲ್ಲಿ ಹತ್ತಕ್ಕೂ ಹೆಚ್ಚು ಜನ: ಆರೆಂಟು ಪಿಟೀಲು, ಎರಡು ಮೂರು ಟ್ರಂಪೆಟ್, ಒಂದು ಗಿಟಾರ್, ಒಂದು ವಿವೆಲಾ, ಒಂದು ಗಿಟರೋನ್, ಕೆಲವೊಮ್ಮೆ ಹಾರ್ಪ್. ಡ್ರಮ್ ಇಲ್ಲವೇ ಇಲ್ಲ. ತಾಳದ ಭಾರವೆಲ್ಲ ವಿವೆಲಾ ಮತ್ತು ಗಿಟರೋನ್ ಮೇಲೆ. ನೆರಿಗೆಯ ಟೈ, ಬೆಳ್ಳಿ ಗುಂಡಿಗಳ ಪ್ಯಾಂಟು, ಅಗಲ ಹ್ಯಾಟು ನೋಡಿ ಜನ ಮೇಳವನ್ನು ಗುರುತಿಸುತ್ತಾರೆ; ಕಣ್ಣು ಮುಚ್ಚಿ ಕೇಳಿದರೆ ಗುರುತು ಹತ್ತುವುದು ಈ ಎರಡು ವಾದ್ಯಗಳಿಂದ.

ವಿವೆಲಾಕ್ಕೆ ಐದು ತಂತಿ, ಗೂನುಬೆನ್ನಿನ ಸಣ್ಣ ಒಡಲು. ಶ್ರುತಿ ಗಿಟಾರಿನ ಕೆಳಗಿನ ಐದು ತಂತಿಗಳಂತೆಯೇ: ಎ, ಡಿ, ಜಿ, ಬಿ, ಇ. ಆದರೆ ಮೊದಲಿನ ಮೂರನ್ನು ಗಿಟಾರಿಗಿಂತ ಒಂದು ಸ್ಥಾಯಿ ಮೇಲೆ ಕಟ್ಟಿರುತ್ತಾರೆ. ಹಾಗಾಗಿ ಐದೂ ತಂತಿಗಳ ನಾದ ಒಂದೇ ಸಣ್ಣ ಹರವಿನೊಳಗೆ, ಮೇಲೆ ಕೂತಿರುತ್ತದೆ. ಎಂಟು ಪಿಟೀಲಿನ ನಡುವೆಯೂ ಅದು ಕಿವಿಗೆ ಬೀಳುವುದು ಅದಕ್ಕೇ. ಗಿಟಾರ್ ಬಲ್ಲವರು ಮಾಡುವ ಸಾಮಾನ್ಯ ತಪ್ಪೆಂದರೆ ಗಿಟಾರಿನದೇ ದಪ್ಪ ಎ ತಂತಿಯನ್ನು ಹಾಕಿ ಮೇಲಿನ ಸ್ಥಾಯಿಗೆ ಬಿಗಿಯಲು ಹೋಗುವುದು. ತಂತಿ ತುಂಡಾಗುತ್ತದೆ, ಇಲ್ಲವೇ ತಂತಿಗಳನ್ನು ಹೊತ್ತ ಕುದುರೆ (ಬ್ರಿಡ್ಜ್) ಕಿತ್ತು ಬರುತ್ತದೆ. ಇದಕ್ಕೆಂದೇ ಮಾಡಿದ ತೆಳು ತಂತಿ ಬೇಕು.

ಗಿಟರೋನ್ ಆರು ತಂತಿಯ ಭಾರಿ ವಾದ್ಯ. ಹೊಟ್ಟೆಗೆ ಆನಿಸಿ, ಪಟ್ಟಿಯಿಂದ ಹೆಗಲಿಗೆ ನೇತುಹಾಕಿಕೊಂಡು ನಿಂತೇ ನುಡಿಸುತ್ತಾರೆ. ಕುತ್ತಿಗೆಯ ಮೇಲೆ ಮೆಟ್ಟಿಲುಗಳಿಲ್ಲ. ಬೆರಳು ಒಂದು ಕೂದಲೆಳೆ ಸರಿದರೂ ಶ್ರುತಿ ಕೆಡುತ್ತದೆ. ಶ್ರುತಿ ಎ, ಡಿ, ಜಿ, ಸಿ, ಇ, ಎ. ತುದಿಯ ಎರಡು ತಂತಿಗಳೂ ಎ, ಒಂದು 55 ಹರ್ಟ್ಸ್, ಇನ್ನೊಂದು 110 ಹರ್ಟ್ಸ್. ಇದರಲ್ಲಿ ಒಂದು ತಂತಿ ಮೀಟಿ ಬಿಡುವುದಿಲ್ಲ. ಹೆಬ್ಬೆರಳು ಮತ್ತು ಇನ್ನೊಂದು ಬೆರಳಿನಿಂದ ಒಂದೇ ಸ್ವರದ ಎರಡು ಸ್ಥಾಯಿಗಳನ್ನು ಒಟ್ಟಿಗೆ ಹಿಡಿದು ಎಳೆಯುತ್ತಾರೆ. ಮೈಕ್ ಇಲ್ಲದ ಬೀದಿಯಲ್ಲಿ, ಟ್ರಂಪೆಟ್ ಪಕ್ಕದಲ್ಲಿ ಒಂಟಿ ಮಂದ್ರ ಸ್ವರ ಯಾರಿಗೂ ಕೇಳದು. ಮೇಲಿನ ಸ್ಥಾಯಿ ಜೊತೆಗಿದ್ದರೆ ಕೆಳಗಿನದಕ್ಕೂ ಅಂಚು ಬರುತ್ತದೆ. ಎಡಗೈಗೆ ಇದು ಕಷ್ಟದ ಕೆಲಸ, ಬಹಳಷ್ಟು ಸ್ವರಗಳಿಗೆ ಎರಡು ಜಾಗ ಒಮ್ಮೆಗೇ ಒತ್ತಬೇಕು.

ಟ್ರಂಪೆಟ್ ಈ ಮೇಳಕ್ಕೆ ತಡವಾಗಿ ಬಂದದ್ದು. ಹಲಿಸ್ಕೊ ರಾಜ್ಯದ ಹಳೆಯ ಮಾರಿಯಾಚಿಗಳಲ್ಲಿ ತಂತಿವಾದ್ಯಗಳೇ ಇದ್ದವು. ಮಾರಿಯಾಚಿ ವರ್ಗಾಸ್ 1890ರ ದಶಕದ ಕೊನೆಗೆ ತೆಕಲಿತ್ಲಾನ್ ಊರಿನಲ್ಲಿ ಶುರುವಾದಾಗಲೂ ಹಾಗೆಯೇ. ರೇಡಿಯೊ ಕಾಲದಲ್ಲಿ ಮೊದಲು ಒಂದು ಟ್ರಂಪೆಟ್ ಸೇರಿತು, 1950ರ ದಶಕದ ಹೊತ್ತಿಗೆ ಜೋಡಿ ಟ್ರಂಪೆಟ್ ರೂಢಿಯಾಯಿತು. ಇಬ್ಬರೂ ಒಂದೇ ರಾಗವನ್ನು ಮೂರು ಸ್ವರದ ಅಂತರದಲ್ಲಿ ನುಡಿಸುತ್ತಾರೆ. ಹಾಡುವವರು ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲಿ ಮಾತ್ರ ಇವರ ಸರದಿ. ಸಾಹಿತ್ಯದ ಮೇಲೆ ಟ್ರಂಪೆಟ್ ಏರಿಬಂದರೆ ಮೇಳ ಕಚ್ಚಾ ಎಂದೇ ಅರ್ಥ.

ಶ್ರುತಿಯ ಆಯ್ಕೆಯಲ್ಲೂ ಒಂದು ಜಗ್ಗಾಟವಿದೆ. ಪಿಟೀಲಿನ ಬಿಡಿ ತಂತಿಗಳು ಜಿ, ಡಿ, ಎ, ಇ ಆದ್ದರಿಂದ ಡಿ ಅಥವಾ ಎ ಶ್ರುತಿಯಲ್ಲಿ ಅದು ತುಂಬಿ ನುಡಿಯುತ್ತದೆ. ಟ್ರಂಪೆಟ್ ಬಿ-ಫ್ಲಾಟ್ ವಾದ್ಯ, ಅಂದರೆ ಹಾಳೆಯಲ್ಲಿ ಸಿ ಎಂದು ಬರೆದದ್ದು ಅದರಲ್ಲಿ ಬಿ-ಫ್ಲಾಟ್ ಆಗಿ ಕೇಳಿಸುತ್ತದೆ. ಡಿ ಶ್ರುತಿ ಎಂದರೆ ಅದನ್ನು ನುಡಿಸುವವರ ಹಾಳೆಯಲ್ಲಿ ನಾಲ್ಕು ಶಾರ್ಪ್, ನುಡಿಸಲು ತೊಡಕಿನದು. ಗಂಡುದನಿಗೆ ಬರೆದ ಹಾಡನ್ನು ಹೆಣ್ಣುದನಿಗೆ ತರಬೇಕಾದರೆ ಶ್ರುತಿ ಸಾಕಷ್ಟು ಸರಿಯುತ್ತದೆ, ಆಗ ಪಿಟೀಲಿನವರ ಬೆರಳಿಗೂ ಟ್ರಂಪೆಟ್‌ನವರ ತುಟಿಗೂ ಹೊಸ ಲೆಕ್ಕ ಬೇಕು. ಲಿಂಡಾಗೆ ಫುಯೆಂತೆಸ್‌ರಂಥ ಸಂಯೋಜಕರು ಅಗತ್ಯವಾದದ್ದು ಇಂಥ ಕಡೆ.

## ಗಂಟಲಿನ ಕೆಲಸ

ರಾಂಚೇರಾ ಹಾಡುವವರು ಎದೆಯಿಂದ ದನಿ ಎತ್ತುತ್ತಾರೆ. ಸಾಲಿನ ಕೊನೆಯ ಸ್ವರವನ್ನು ಹಿಡಿದು ನಿಲ್ಲಿಸಿ, ಕೊನೆಗೆ ಸ್ವಲ್ಪ ಇಳಿಬಿಟ್ಟು ಮುಗಿಸುವುದು ರೂಢಿ. ವಾಪಾಂಗೊದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ಎದೆಯ ದನಿಯಿಂದ ಕಳ್ಳದನಿಗೆ, ಅಂದರೆ ತೆಳುವಾದ ಮೇಲುದನಿಗೆ, ನಡುವೆ ಜಾರದೆ ಒಮ್ಮೆಲೇ ನೆಗೆಯುವುದು. ನೆಗೆತದ ಜಾಗದಲ್ಲಿ ಸಣ್ಣ ಬಿರುಕು ಕೇಳಿಸಬೇಕು. ಅದನ್ನು ನುಣುಪು ಮಾಡಿದರೆ ವಾಪಾಂಗೊದ ಸೊಗಸೇ ಹೋಗುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ತರಬೇತಿ ಪಡೆದವರು ಇಲ್ಲಿ ಸೋಲುವುದುಂಟು, ಏಕೆಂದರೆ ಅವರು ವರ್ಷಗಟ್ಟಲೆ ಕಲಿತದ್ದು ಆ ಬಿರುಕನ್ನು ಮುಚ್ಚುವುದನ್ನು.

‘ಲಾ ಸಿಗಾರ್ರಾ’ದಲ್ಲಿ ಹಾಡುಗಾರ್ತಿ ಜೀರುಂಡೆಗೆ ಹಾಡು ನಿಲ್ಲಿಸು ಎಂದು ಬೇಡುತ್ತಾಳೆ, ಅದರ ದನಿ ಎದೆಗೆ ಚುಚ್ಚುತ್ತಿದೆ. ಕಳ್ಳದನಿಯ ಉದ್ದ ಸ್ವರಗಳು ಬರುವುದು ಅಲ್ಲಿಯೇ. ಅಂಥ ಸ್ವರ ನಿಂತಿರುವಷ್ಟು ಹೊತ್ತು ತಾಳ ತೂಗಿಕೊಂಡು ಕಾಯುತ್ತದೆ. ಎಷ್ಟು ಹೊತ್ತು ಎಂಬುದು ಗಾಯಕಿಯ ಉಸಿರಿಗೆ ಬಿಟ್ಟದ್ದು. ಆದ್ದರಿಂದ ಗಿಟರೋನ್ ನುಡಿಸುವವರು ಅವಳ ಮೇಲೆ ಕಣ್ಣಿಟ್ಟಿರಬೇಕು, ಮಿಕ್ಕವರು ಗಿಟರೋನ್ ಮೇಲೆ ಕಿವಿಯಿಟ್ಟಿರಬೇಕು; ಮತ್ತೆ ಎಲ್ಲರೂ ಒಟ್ಟಿಗೆ ಇಳಿಯುವುದು ಹೀಗೆ.

ಹಾಡಿನ ನಡುವೆ ಯಾರೋ ‘ಆಯ್‌ಯಾಯ್‌ಯಾಯ್’ ಎಂದು ಕೂಗುತ್ತಾರಲ್ಲ, ಅದು ಗ್ರಿತೊ. ವಾದ್ಯಗಳು ಮಾತ್ರ ನುಡಿಯುವ ಭಾಗದಲ್ಲಿ ಕೂಗುವುದು ಮರ್ಯಾದೆ. ಮೇಳದವರೂ ಕೂಗುತ್ತಾರೆ, ಕೇಳುವವರೂ ಕೂಗುತ್ತಾರೆ.

## ಕೊರ್ರಿದೊ: ಸುದ್ದಿ ಹೇಳುವ ಹಾಡು

ರಾಂಚೇರಾ ಮನಸ್ಸಿನ ಸ್ಥಿತಿ ಹೇಳಿದರೆ ಕೊರ್ರಿದೊ ನಡೆದದ್ದನ್ನು ಹೇಳುತ್ತದೆ. 1857ರಲ್ಲಿ ಆಯುಧ ಕೊಡಲೊಲ್ಲದೆ ಬ್ರಿಟಿಷರ ಎದುರು ನಿಂತ ಹಲಗಲಿಯ ಬೇಡರ ಲಾವಣಿ ಕೇಳಿದವರಿಗೆ ಕೊರ್ರಿದೊದ ಕೆಲಸ ಬಿಡಿಸಿ ಹೇಳಬೇಕಿಲ್ಲ: ಊರು ಯಾವುದು, ಹೋರಾಡಿದವರು ಯಾರು, ಸರ್ಕಾರ ಏನು ಮಾಡಿತು, ಯಾರು ಸತ್ತರು ಎಂಬುದನ್ನು ಸೋತವರ ಕಡೆಯಿಂದ ಹಾಡಿ, ಊರಿಂದೂರಿಗೆ ದಾಟಿಸುವುದು.

ಕಟ್ಟು ಸರಳ. ನಾಲ್ಕು ಸಾಲಿನ ನುಡಿಗಳು, ಸಾಲಿಗೆ ಸುಮಾರು ಎಂಟು ಉಚ್ಚಾರಾಂಶ, ಎರಡನೇ ಮತ್ತು ನಾಲ್ಕನೇ ಸಾಲಿಗೆ ಪ್ರಾಸ. ಒಂದೇ ರಾಗ ಎಲ್ಲ ನುಡಿಗೂ. ರಾಂಚೇರಾದಲ್ಲಿರುವಂಥ ಪಲ್ಲವಿ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕಥೆ ಓಡುತ್ತಲೇ ಹೋಗುತ್ತದೆ. ಮೊದಲಿಗೆ ಹಾಡುಗಾರ ಕೇಳುಗರನ್ನು ಕರೆಯುತ್ತಾನೆ ಇಲ್ಲವೇ ತಾನೇನು ಹೇಳಲಿದ್ದೇನೆ ಎಂದು ತಿಳಿಸುತ್ತಾನೆ. ನಂತರ ಸ್ಥಳ, ದಿನ, ಹೆಸರು. ಆಮೇಲೆ ಘಟನೆ, ನಡುವೆ ನಾಯಕನ ಒಂದೆರಡು ಮಾತು. ಕಡೆಗೆ ವಿದಾಯದ ನುಡಿ. ಮೂಲ ಸ್ಪೇನಿನ ಹಳೆಯ ಕಥನಗೀತೆಗಳಲ್ಲಿದೆ. ಮೆಕ್ಸಿಕೊ ಸಿಟಿಯಲ್ಲಿ ಆಂತೊನಿಯೊ ವನೇಗಾಸ್ ಅರ್ರೋಯೊ ಎಂಬ ಮುದ್ರಕ ಇಂಥ ಹಾಡುಗಳನ್ನು ಅಗ್ಗದ ಬಣ್ಣದ ಕಾಗದದಲ್ಲಿ ಅಚ್ಚುಹಾಕಿ ಬೀದಿಯಲ್ಲಿ ಮಾರಿಸುತ್ತಿದ್ದ; ಹೊಸೆ ಗುವಾದಲೂಪೆ ಪೊಸಾದಾ ಕೆತ್ತಿದ ಚಿತ್ರಗಳು ಅವುಗಳ ಮೇಲಿರುತ್ತಿದ್ದವು. ಓದು ಬಾರದವರಿಗೆ ಚಿತ್ರ, ಕಿವಿಯಿದ್ದವರಿಗೆ ಹಾಡು. ಕ್ರಾಂತಿಯ ಕಾಲದಲ್ಲಿ ಅದರ ನಾಯಕರಾದ ವಿಯ್ಯಾ, ಸಪಾತಾ ಮೇಲೆ ಹುಟ್ಟಿದ ಕೊರ್ರಿದೊಗಳು ಹೀಗೆಯೇ ಹಬ್ಬಿದವು.

ಆಲ್ಬಂನಲ್ಲಿರುವುದು ‘ಕೊರ್ರಿದೊ ದೆ ಕನನೇಯಾ’. ಕನನೇಯಾ ಸೊನೋರಾ ರಾಜ್ಯದ ತಾಮ್ರದ ಗಣಿಯ ಊರು, ಅರಿಜೋನಾ ಗಡಿಗೆ ಹತ್ತಿರ. 1906ರ ಜೂನ್ 1ರಂದು ಅಲ್ಲಿಯ ಗಣಿ ಕಾರ್ಮಿಕರು ದಿನಕ್ಕೆ ಎಂಟು ಗಂಟೆ ಕೆಲಸ, ಐದು ಪೆಸೊ ಕೂಲಿ ಬೇಕೆಂದು ಮುಷ್ಕರ ಹೂಡಿದರು. ಅದೇ ಗಣಿಯಲ್ಲಿ ಅಮೆರಿಕನ್ ಕೆಲಸಗಾರರಿಗೆ ಹೆಚ್ಚು ಕೂಲಿ ಸಿಗುತ್ತಿತ್ತು. ಕಂಪನಿಯ ಒಡೆಯ ವಿಲಿಯಂ ಗ್ರೀನ್ ಕೂಡ ಅಮೆರಿಕನ್. ಗಡಿಯಾಚೆಯಿಂದ ಶಸ್ತ್ರಧಾರಿಗಳು ಬಂದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮೆಕ್ಸಿಕೊ ಕ್ರಾಂತಿಯ ಮುನ್ಸೂಚನೆ ಎಂದು ಚರಿತ್ರೆಕಾರರು ಈ ಮುಷ್ಕರವನ್ನು ಎಣಿಸುತ್ತಾರೆ.

ಹಾಗೆಂದು ಈ ಹಾಡು ಆ ಮುಷ್ಕರದ್ದು ಎಂದುಕೊಳ್ಳಬಾರದು. ಹೆಸರು ಕೇಳಿ ಹಾಗೆ ತಿಳಿಯುವವರು ಬಹಳ. ಹಾಡುವವನು ಒಬ್ಬ ಕೈದಿ, ಹೇಳುವುದು ತನ್ನದೇ ಬಂಧನದ ವಿವರ. ಬಳಕೆಯಲ್ಲಿರುವ ಪಾಠದಲ್ಲಿ ಅವನು ಮೊದಲೇ ತನಗಾದದ್ದನ್ನು ಬಿಡಿಸಿ ಹೇಳುತ್ತೇನೆ ಎನ್ನುತ್ತಾನೆ. ತನ್ನನ್ನು ಕಾಳಗಗಳಲ್ಲಿ ಪಳಗಿದ ಹುಂಜ ಎಂದು ಕರೆದುಕೊಳ್ಳುತ್ತಾನೆ. ತನ್ನ ಗುರುತು ಯಾರಿಗಿದೆ ನೋಡೋಣ ಎಂದು ಗಡಿಯ ಊರು ಆಗ್ವಾ ಪ್ರಿಯೇತಾಕ್ಕೆ ಹೋದ. ರಾತ್ರಿ ಹನ್ನೊಂದಕ್ಕೆ ಪೊಲೀಸರು ಹಿಡಿದರು. ಹಿಡಿದದ್ದು ‘ಅಮೆರಿಕನ್ ಶೈಲಿಯಲ್ಲಿ’, ಎಲ್ಲರ ಕೈಯಲ್ಲೂ ಪಿಸ್ತೂಲು. ಕನನೇಯಾ ಜೈಲು ಒಂದು ಎತ್ತರದ ಮಟ್ಟಸ ದಿಬ್ಬದ ಮೇಲಿದೆ. ತನ್ನ ದಡ್ಡತನದಿಂದ ಅಲ್ಲಿ ವಿಚಾರಣೆಗೆ ನಿಂತೆ ಎನ್ನುತ್ತಾನೆ.

ವಿದಾಯದ ನುಡಿ ಬರುವ ಜಾಗದಲ್ಲಿ ಈ ಹಾಡು ಒಂದು ಚೇಷ್ಟೆ ಮಾಡುತ್ತದೆ. ವಿದಾಯ ಹೇಳಲಾರೆ, ಅದು ಈಗ ನನ್ನ ಹತ್ತಿರ ಇಲ್ಲ, ಬಾಲಯೇಸುವಿನ ಬಳಿಯೂ ಮಪಿಮಿಯ ದೇವರ ಬಳಿಯೂ ಬಿಟ್ಟುಬಂದಿದ್ದೇನೆ ಎನ್ನುತ್ತಾನೆ ಕೈದಿ. ನಿಯಮದ ಪ್ರಕಾರ ಅಲ್ಲಿ ಏನು ಬರಬೇಕು ಎಂದು ಕೇಳುಗರಿಗೆ ಗೊತ್ತಿರುವುದರಿಂದಲೇ ಇದಕ್ಕೆ ನಗು ಬರುತ್ತದೆ. ಕೊರ್ರಿದೊ ಎಷ್ಟು ಪಳಗಿದ ರೂಪವಾಗಿತ್ತು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

## ಇಂದಿನ ಕೊರ್ರಿದೊ ಹೇಗೆ ಬೇರೆ

ಉತ್ತರ ಮೆ­ಕ್ಸಿಕೊದಲ್ಲಿ ಕೊರ್ರಿದೊ ಹಾಡುವವರು ಮಾರಿಯಾಚಿಗಿಂತ ಹೆಚ್ಚಾಗಿ ನೊರ್ತೇನ್ಯೊ ತಂಡಗಳು. ಅಕಾರ್ಡಿಯನ್ ಮತ್ತು ಹನ್ನೆರಡು ತಂತಿಯ ಬಾಹೊ ಸೆಸ್ತೊ ಅವುಗಳ ವಾದ್ಯ. 1970ರ ದಶಕದಲ್ಲಿ ‘ಲೋಸ್ ತಿಗ್ರೆಸ್ ದೆಲ್ ನೋರ್ತೆ’ ತಂಡ ಮಾದಕವಸ್ತು ಸಾಗಾಟದ ಕಥೆಯೊಂದನ್ನು ಹಾಡಿ ಹೆಸರಾದ ಮೇಲೆ ನಾರ್ಕೊಕೊರ್ರಿದೊ ಎಂಬ ಕವಲು ದಪ್ಪವಾಯಿತು. ಇದೇ ತಂಡ ವಲಸಿಗರ ಬದುಕಿನ ಮೇಲೆ ಹಾಡಿದ ಆಲ್ಬಂಗೆ 1988ರಲ್ಲಿ, ಲಿಂಡಾಗಿಂತ ಒಂದು ವರ್ಷ ಮೊದಲು, ಅದೇ ವಿಭಾಗದ ಗ್ರ್ಯಾಮಿ ಬಂದಿತ್ತು.

ಈಗಿನ ಅಲೆಗೆ ‘ಕೊರ್ರಿದೋಸ್ ತುಂಬಾದೋಸ್’ ಎಂದು ಹೆಸರು. ಸೊನೋರಾದ ಎರ್ಮೊಸಿಯ್ಯೊ ಊರಿನ ನಾತಾನಾಯೆಲ್ ಕಾನೊ 2019ರಲ್ಲಿ ಈ ಹೆಸರಿನಲ್ಲೇ ಆಲ್ಬಂ ತಂದ. ಮೂರರ ನಡೆ, ತಂತಿ ಮೀಟು ಹಳೆಯದು. ಹಾಡುವ ಧಾಟಿಯಲ್ಲಿ ರ‍್ಯಾಪ್‌ನ ಸೋಮಾರಿತನ ಸೇರಿದೆ. ಪೆಸೊ ಪ್ಲೂಮಾ ಹಾಡುಗಳಲ್ಲಿ ಟ್ರಂಪೆಟ್ ಜೋಡಿಯ ಬದಲು ಟ್ರಾಂಬೋನ್, ಗಿಟರೋನ್ ಬದಲು ತೊಲೊಲೋಚೆ ಎಂಬ ನಿಲುವು ಬಾಸ್ ಕೇಳಿಸುತ್ತದೆ. ಅಪರಾಧಿಗಳನ್ನು ಹೊಗಳುವ ಹಾಡುಗಳ ಕುರಿತು ವಿವಾದ ಹೊಸದಲ್ಲ. 2025ರಲ್ಲಿ ಮೆಕ್ಸಿಕೊದ ಹಲವು ರಾಜ್ಯಗಳು ಇಂಥವನ್ನು ಸಾರ್ವಜನಿಕ ವೇದಿಕೆಯಲ್ಲಿ ಹಾಡದಂತೆ ನಿರ್ಬಂಧ ಹೇರಿದವು. ಕನನೇಯಾದ ಕೈದಿಯೂ ಅಪರಾಧಿಯೇ, ಆದರೆ ಅವನು ಸಿಕ್ಕಿಬಿದ್ದ ಮೇಲೆ ಹಾಡಿದವನು.

## ಕೇಳಲು ಕೂರುವ ಮುನ್ನ

ಆಲ್ಬಂನ ಕ್ರಮದಲ್ಲೇ ಕೇಳಬೇಕೆಂದೇನಿಲ್ಲ. ‘ಲೋಸ್ ಲೌರೇಲೆಸ್’ನಿಂದ ಶುರು ಮಾಡಿ ಮೂರರ ಎಣಿಕೆ ಕೈಗೆ ಹತ್ತಿಸಿಕೊಳ್ಳಿ. ನಂತರ ‘ಲಾ ಸಿಗಾರ್ರಾ’, ಎರಡು ಸಲ: ಮೊದಲ ಸಲ ದನಿ ಮಾತ್ರ, ಎರಡನೇ ಸಲ ದನಿಯನ್ನು ಬಿಟ್ಟು ಆ ಮುಚ್ಚಿದ ಏಟು ಮಾತ್ರ. ಕನನೇಯಾ ಕೊರ್ರಿದೊಕ್ಕೆ ಸಾಹಿತ್ಯವನ್ನು ಎದುರಿಗಿಟ್ಟುಕೊಳ್ಳಲೇಬೇಕು, ಇಲ್ಲದಿದ್ದರೆ ಒಂದೇ ರಾಗ ಮತ್ತೆ ಮತ್ತೆ ಬಂದಂತಾಗಿ ಬೇಸರವಾಗುತ್ತದೆ. ಈ ಮೂರು ಆದ ಮೇಲೂ ರುಚಿ ಉಳಿದಿದ್ದರೆ 1991ರಲ್ಲಿ ಲಿಂಡಾ ತಂದ ಎರಡನೇ ಸಂಪುಟ ‘ಮಾಸ್ ಕಾನ್ಸಿಯೋನೆಸ್’ ಇದೆ. ಅದಕ್ಕೂ ಗ್ರ್ಯಾಮಿ ಬಂದಿದೆ.

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅಷ್ಟು ಸಣ್ಣ ಸ್ಪೀಕರ್ ಕೆಳಗಿನ ಸ್ವರಗಳನ್ನು ಹೊರಡಿಸಲಾರದು; ಗಿಟರೋನ್‌ನ 55 ಹರ್ಟ್ಸ್ ಅಲ್ಲಿ ಹುಟ್ಟುವುದೇ ಇಲ್ಲ, ಎರಡು ಸ್ಥಾಯಿಯಲ್ಲಿ ಎಳೆದದ್ದರ ಮೇಲಿನ ಅರ್ಧ ಮಾತ್ರ ತೆಳ್ಳಗೆ ಕೇಳಿಸುತ್ತದೆ. ಸಾಧಾರಣ ಬೆಲೆಯ ಇಯರ್‌ಫೋನ್ ಆದರೂ ಸಾಕು.